ಕಪಾಟು ಮುಟ್ಟುವ ಅಧಿಕಾರ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಸ್ಟಾಕ್ ಆಪ್ಶನ್ ಇಲ್ಲದ ಕನ್ನಡಿಗ ತಾನೊಬ್ಬನೇ ಎಂದು ಮಧುಕರನಿಗೆ ಖಾತ್ರಿಯಾಗಿತ್ತು. ೧೯೯೯ರ ಯುಗಾದಿ ಊಟದಲ್ಲಿ ಅಕ್ಕಪಕ್ಕ ಕೂತವರು ಐಪಿಒ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಅವನು ಮೌಂಟನ್ ವ್ಯೂದಲ್ಲಿ ಒಂದು ಟ್ರಸ್ಟಿನ ಅಪಾರ್ಟ್‌ಮೆಂಟುಗಳ ಮ್ಯಾನೇಜರು. ಆದಾಯವಿಲ್ಲದ ವಯಸ್ಸಾದವರಿಗೆ ಮಾತ್ರ ಅಗ್ಗದ ಬಾಡಿಗೆಗೆ ಕೊಡುವ ಮನೆಗಳು ಅವು. ಆಚೆ ಬೀದಿಯಲ್ಲಿ ವಾಸಕ್ಕೆಂದು ಕಾರಿನ ಗ್ಯಾರೇಜಿಗೂ ಜನ ಮುಗಿಬೀಳುತ್ತಿದ್ದರು. ಇಷ್ಟು ಮನೆಗಳ ಬೀಗದಕೈ ಸೊಂಟದಲ್ಲಿದ್ದೂ ತಾನು ಬರೀ ನಲ್ಲಿ ರಿಪೇರಿ ಮಾಡಿಸಿಕೊಂಡಿರಬೇಕಲ್ಲ ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ಮೂಲೆಮನೆ ಖಾಲಿಯಾದಾಗ ಅದನ್ನು ತಾಯಿ ಸಣ್ಣತಾಯಮ್ಮನ ಹೆಸರಿಗೆ ಮಾಡಿಕೊಂಡ. ಆಕೆಗೆ ವಯಸ್ಸಾಗಿತ್ತು, ಆದಾಯವಿರಲಿಲ್ಲ, ಗ್ರೀನ್ ಕಾರ್ಡ್ ಇತ್ತು. ಆಕೆ ಇದ್ದದ್ದು ಮಾತ್ರ ಬೇ ಏರಿಯಾದ್ದೇ ಇನ್ನೊಂದು ಊರಾದ ಡಬ್ಲಿನ್‌ನಲ್ಲಿ, ಮಧುಕರನ ಮನೆಯಲ್ಲೇ. ಮೂಲೆಮನೆಯಲ್ಲಿ ನಾಲ್ವರು ಪ್ರೋಗ್ರಾಮರುಗಳು ಮಲಗಿ ಎದ್ದು ಹೋಗುತ್ತಿದ್ದರು. ಅವರು ಕೊಡುವ ಬಾಡಿಗೆ ನೇರ ಮಧುಕರನ ಜೇಬಿಗೆ ಬೀಳುತ್ತಿತ್ತು.

ಅಡ್ಡ ಬಂದವಳು ಗುರುಬಸವ್ವ. ಧಾರವಾಡದ ಮುದುಕಿ, ಮಗನ ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಸೋಫಾದ ಮೇಲೆ ಮಲಗುತ್ತಿದ್ದಳು. ಸೊಸೆ ಬಸುರಿ, ಸೋಫಾದ ಜಾಗಕ್ಕೆ ತೊಟ್ಟಿಲು ಬರುವುದರೊಳಗೆ ಆಕೆಗೊಂದು ಮನೆ ಬೇಕಿತ್ತು. ಟ್ರಸ್ಟಿನ ಸರದಿಯಲ್ಲಿ ಮೊದಲನೆಯವಳು ಆಕೆಯೇ. ಮೇಲಿಂದ ಮೇಲೆ ಬಂದು ವಿಚಾರಿಸುತ್ತಿದ್ದವಳು ಒಂದು ದಿನ ಬೇರೆಯದೇ ಕೇಳಿದಳು.

"ಅಲ್ರೀ ಸಾಹೇಬ್ರ, ಮೂಲೀ ಮನ್ಯಾಗ ಮುದುಕಿ ಅದಾಳ ಅಂತೀರಿ. ಬಾಗಲದ ಮುಂದ ಗಂಡುಹುಡುಗರ ಬೂಟ ಯಾಕ ಬಿದ್ದಾವ್ರಿ?"

ಮೊಮ್ಮಕ್ಕಳು ಬಂದಿರಬೇಕು ಎಂದ ಮಧುಕರ. ಗುರುಬಸವ್ವ ನಂಬಲಿಲ್ಲ. ಟ್ರಸ್ಟಿನ ಮನೆಗಳ ದೂರು ವಿಚಾರಿಸಲೆಂದೇ ನೇಮಕವಾಗಿದ್ದ ಒಂಬುಡ್ಸ್‌ಮನ್ ರೂತ್ ಅಲ್ವರೆಜ್‌ಗೆ ದೂರು ಕೊಟ್ಟಳು.

ಮಧುಕರ ಹೆದರಲಿಲ್ಲ. ರೂತ್‌ಳ ಅಧಿಕಾರ ಎಲ್ಲಿಗೆ ಮುಗಿಯುತ್ತದೆಂದು ಅವಳಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಆ ನಿಯಮಗಳನ್ನು ಮಾಡಿದ ಮೀಟಿಂಗಿನಲ್ಲಿ, ಬಾಡಿಗೆದಾರರ ಮಾನ ಮರ್ಯಾದೆಯ ಪರವಾಗಿ ಗಂಟಲು ಕಟ್ಟುವಷ್ಟು ಮಾತಾಡಿದವನೇ ಅವನು. ಮೊದಲೇ ತಿಳಿಸದೆ ಆಕೆ ಬರುವಂತಿಲ್ಲ. ಮನೆಯವರು ಕರೆಯದೆ ಹೊಸ್ತಿಲು ದಾಟುವಂತಿಲ್ಲ. ಒಳಗೆ ಬಂದರೂ ಕಪಾಟು, ಡ್ರಾಯರು ಮುಟ್ಟುವಂತಿಲ್ಲ. ಕೂತಲ್ಲಿ ನಿಂತಲ್ಲಿ ಕಣ್ಣಿಗೆ ಬಿದ್ದದ್ದಷ್ಟೇ ಲೆಕ್ಕ. ಏನೂ ಸಿಗದಿದ್ದರೆ ದೂರನ್ನು ಮುಚ್ಚಬೇಕು, ಮುಚ್ಚಿದ್ದನ್ನು ಮತ್ತೆ ತೆರೆಯುವಂತಿಲ್ಲ. ಈ ಕೊನೆಯದು ನೆನಪಾದಾಗ ಅವನಿಗೆ ಗುರುಬಸವ್ವನ ಮೇಲೆ ಪ್ರೀತಿಯೇ ಹುಟ್ಟಿತು. ಒಂಬುಡ್ಸ್‌ಮನ್ ಒಮ್ಮೆ ಬಂದುಹೋದರೆ ಮೂಲೆಮನೆಯ ಸುದ್ದಿಯನ್ನು ಮುಂದೆ ಯಾರೂ ಎತ್ತುವಂತಿರಲಿಲ್ಲ.

ಭೇಟಿಯ ದಿನ ಹುಡುಗರನ್ನು ಬೆಳಿಗ್ಗೆಯೇ ಆಫೀಸಿಗೆ ಓಡಿಸಿದ. ಬೂಟು, ಸ್ಲೀಪಿಂಗ್ ಬ್ಯಾಗು, ಬಿಯರ್ ಕ್ಯಾನು ಎಲ್ಲವನ್ನೂ ಅಡುಗೆಮನೆಯ ಕಪಾಟುಗಳಿಗೆ ತುರುಕಿದ. ಡಬ್ಲಿನ್‌ನಿಂದ ತಾಯಿಯನ್ನು ಕರೆತಂದ, ಜೊತೆಗೆ ದೇವರ ಪಟ, ತುಳಸಿಯ ಕುಂಡ, ಆಕೆಯ ಮಾತ್ರೆಯ ಡಬ್ಬಿ ತಂದಿಟ್ಟ. ಒಂದು ಸೀರೆಯನ್ನು ನೀರಲ್ಲಿ ಅದ್ದಿ ಬಾತ್‌ರೂಮಿನಲ್ಲಿ ಒಣಹಾಕಿದ. ಆ ಸೀರೆಯ ಬಗ್ಗೆ ಅವನಿಗೆ ನಿಜವಾಗಿಯೂ ಹೆಮ್ಮೆಯಿತ್ತು.

ಸಣ್ಣತಾಯಮ್ಮನಿಗೆ ಇದು ಯಾವುದೂ ಹಿಡಿಸಲಿಲ್ಲ. "ಸುಳ್ ಏಳಕ್ಕೆ ನನ್ ಕೈಲಾಗಕಿಲ್ಲ ಕಣ್ಲಾ," ಎಂದಳು.

ಸುಳ್ಳು ಹೇಳುವುದೇ ಬೇಡ, ಸುಮ್ಮನೆ ಕೂತಿದ್ದರೆ ಸಾಕು, ಇಂಗ್ಲಿಷಿನಲ್ಲಿ ಮಾತಾಡುವುದೆಲ್ಲ ನಾನು ಎಂದ ಮಧುಕರ. ಮನೆಗೆ ಬಂದವರಿಗೆ ಕಾಫಿ ಕೊಡದೆ ತಾಯಿ ಕೂರುವವಳಲ್ಲ ಎಂಬುದನ್ನೂ ಅವನು ಯೋಚಿಸಿದ್ದ. ಎದ್ದು ಅಡುಗೆಮನೆಗೆ ಹೋದಳೆಂದರೆ ಕೆಟ್ಟಿತು. ಅದಕ್ಕೇ ಡಬ್ಲಿನ್ ಮನೆಯ ಬೆಳಗಿನ ಕಾಫಿಯನ್ನೇ ಫ್ಲಾಸ್ಕಿಗೆ ತುಂಬಿ, ಲೋಟಗಳ ಜೊತೆ ತಾಯಿಯ ಕೈಗೆ ಎಟುಕುವಂತೆ ಇಟ್ಟಿದ್ದ.

ರೂತ್ ಬಂದು ಹೊಸ್ತಿಲಾಚೆ ನಿಂತಳು. ಸಣ್ಣತಾಯಮ್ಮ ಕೈಸನ್ನೆ ಮಾಡಿ ಒಳಗೆ ಕರೆದಳು. ರೂತ್ ಪಟ ನೋಡಿದಳು, ತುಳಸಿ ನೋಡಿದಳು, ಬಾತ್‌ರೂಮಿಗೆ ಇಣುಕಿ ಸೀರೆಯನ್ನೂ ನೋಡಿದಳು. ಇಲ್ಲಿ ಅನುಕೂಲವಾಗಿದೆಯೇ ಎಂದು ಕೇಳಿದ್ದಕ್ಕೆ ಮಧುಕರ ತಾಯಿಯ ಪರವಾಗಿ ಸಾಕಷ್ಟು ಉದ್ದವಾಗಿ ಉತ್ತರ ಕೊಟ್ಟ. ಅವಳು ಕುರ್ಚಿಯಲ್ಲಿ ಕೂತು ಒಂದೆರಡು ಸಾಲು ಗೀಚಿ ಪೆನ್ನಿನ ಮುಚ್ಚಳ ಹಾಕಿದಳು. ಮಧುಕರ ಮನಸ್ಸಿನಲ್ಲೇ ದೂರನ್ನು ಮುಚ್ಚಿದ.

ಹೊರಡುವ ಮುಂಚೆ ರೂತ್, ಸಣ್ಣತಾಯಮ್ಮ ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟ ಕಾಫಿಯನ್ನು ಮರ್ಯಾದೆಗೆಂದು ಒಂದು ಗುಟುಕು ಕುಡಿದಳು. ಅವಳು ಮುಖ ಕಿವುಚಿದಳು. ಸಣ್ಣತಾಯಮ್ಮನಿಗೆ ಸಕ್ಕರೆ ಕಾಯಿಲೆ. ಡಬ್ಲಿನ್ ಮನೆಯಲ್ಲಿ ಕಾಫಿಗೆ ಸಕ್ಕರೆ ಹಾಕುವುದು ಎಂದೋ ನಿಂತಿತ್ತು, ಮಧುಕರನ ನಾಲಿಗೆಗೂ ಅದೇ ರೂಢಿಯಾಗಿತ್ತು. "ಮನೆಗ್ ಬಂದೋರ್ಗೆ ಸಪ್ಪೆ ಕಾಪಿ ಕೊಟ್ಬುಟ್ನಲ್ಲಪ್ಪ," ಎಂದು ಸಣ್ಣತಾಯಮ್ಮ ಎದ್ದು, ರೂತ್‌ಳ ಕುರ್ಚಿಗೆ ನೇರ ಕಾಣುವ ಅಡುಗೆಮನೆಗೆ ನಡೆದಳು. ಕೂತ್ಕೊಳ್ಳಮ್ಮ ಎನ್ನುವಷ್ಟರಲ್ಲಿ ಮೊದಲ ಕಪಾಟು ತೆರೆದಾಗಿತ್ತು, ಬೂಟುಗಳು ಉರುಳಿ ಬಂದವು. ಎರಡನೆಯದರಿಂದ ಸ್ಲೀಪಿಂಗ್ ಬ್ಯಾಗುಗಳು ಬಿದ್ದವು. "ಸಕ್ಕರೆ ಎಲ್ ಮಡ್ಗವ್ರೋ ಮಗ ಈ ಮನೇಲಿ?" ಎನ್ನುತ್ತ ಆಕೆ ಒಂದೊಂದೇ ಬಾಗಿಲು ತೆರೆಯುತ್ತ ಹೋದಳು. ಕಪಾಟು ಮುಟ್ಟುವ ಅಧಿಕಾರವಿಲ್ಲದ ರೂತ್ ಕೂತ ಕುರ್ಚಿಯಿಂದ ಏಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು.