ವಾಚನಾಲಯದ ಕರಿಹಲಗೆ

"ನಿಲ್ರೀ! ನನ್ನ ಪ್ರಶ್ನಿ ಯಾಕ ಅಳಸಾಕತ್ತೀರಿ?"

ಅಂಬೂಬಾಯಿಯ ದನಿಗೆ ಆ ಯುವಕ ಬೆಚ್ಚಿ ತಿರುಗಿದ. ಕೈಯಲ್ಲಿ ಒದ್ದೆ ಬಟ್ಟೆ!

ಆದೋನಿಯ ಆ ವಾಚನಾಲಯದ ವರಾಂಡದಲ್ಲೊಂದು ಕರಿಹಲಗೆ ಇತ್ತು. ಗೊತ್ತಿಲ್ಲದವರು ಪ್ರಶ್ನೆ ಬರೆಯುವರು, ಗೊತ್ತಿದ್ದವರು ಕೆಳಗೆ ಉತ್ತರ ಬರೆಯುವರು. ಹತ್ತಿಗೆ ಬಿದ್ದ ಹುಳುವಿನಿಂದ ಹಿಡಿದು ಗುಂತಕಲ್ಲಿನ ರೈಲಿನವರೆಗೆ ಎಲ್ಲವೂ ಅಲ್ಲಿ! ಹಿಂದಿನ ದಿನ ಅಂಬೂ ಬರೆದಿದ್ದಳು: 'ಕಾಲೇಜಿಗೆ ಹೋಗದೆ ಬಿ.ಎ. ಪರೀಕ್ಷೆಗೆ ಕೂರಬಹುದೇ?'

"ಪ್ರಶ್ನಿ ಅಲ್ರೀ, ನನ್ನ ಉತ್ತರ ಅಳಸಾಕತ್ತೀನಿ. ಆಗಂಗಿಲ್ಲ ಅಂತ ಬರದಿದ್ದೆ. ವಿಚಾರಿಸಿದ ಮ್ಯಾಲ ತಿಳೀತು... ಆಗತೈತಿ!"

ತಪ್ಪೊಪ್ಪಿಕೊಂಡು ಇಷ್ಟು ಚೆಂದ ನಗುವವರೂ ಇದ್ದಾರೆಯೇ?

ಅವನು ಪ್ರಾಣೇಶ. ಹತ್ತಿ ಮಿಲ್ಲಿನ ಆಫೀಸಿಗೆ ಪತ್ತಿಕೊಂಡದಿಂದ ಹೊಸದಾಗಿ ಬಂದವನು.

ಅಂದಿನಿಂದ ಅಂಬೂ ಗೊತ್ತಿದ್ದ ವಿಷಯಗಳನ್ನೂ ಕೇಳತೊಡಗಿದಳು. ಹಪ್ಪಳ ಎಣ್ಣೆಯಲ್ಲಿ ಯಾಕೆ ಉಬ್ಬುತ್ತದೆ? ನಕ್ಷತ್ರ ಯಾಕೆ ಮಿನುಗುತ್ತದೆ? ಪ್ರಾಣೇಶ ಬೇಸರವಿಲ್ಲದೆ ಉತ್ತರ ಬರೆಯುತ್ತಿದ್ದ.

ಒಂದು ಸಂಜೆ ಅವನು ಅವಳ ಗೆಳತಿ ರಾಮಲಕ್ಷ್ಮಿಯೊಂದಿಗೆ ಪಿಸುಮಾತಾಡುತ್ತಿದ್ದುದು ಕಂಡಿತು. ಅಂಬೂಳನ್ನು ನೋಡಿದ್ದೇ ಇಬ್ಬರೂ ಸುಮ್ಮನಾದರು!

ಮರುದಿನ ಹಲಗೆಯ ಮೇಲೆ ಅವನ ಅಕ್ಷರ: 'ಓದಬೇಕೆನ್ನುವ ಹುಡುಗಿ ಮನಸ್ಸಿಗೆ ಬಂದಿದ್ದಾಳೆ. ಈಗಲೇ ಕೇಳಬೇಕೇ, ಓದು ಮುಗಿಯುವವರೆಗೆ ಕಾಯಬೇಕೇ?'

ರಾಮಲಕ್ಷ್ಮಿಯೂ ಓದುತ್ತಿದ್ದಳಲ್ಲ... ಅವಳೇ! ಹಾಗಾದರೆ ನನ್ನೊಂದಿಗಿನ ಆ ನಗು? ಬರೀ ಸೌಜನ್ಯವೇ? ನನಗೇಕೆ ಎದೆ ಹೀಗೆ ಉರಿಯುತ್ತಿದೆ? ಅಂಬೂಗೆ ಒಂದೂ ಬಗೆಹರಿಯಲಿಲ್ಲ.

ಮನೆಯಲ್ಲಿ ಅಪ್ಪ ಕೇಳಿದರು, "ಶುಕ್ರವಾರ ಮಂತ್ರಾಲಯದವರು ನಿನ್ನ ನೋಡಾಕ ಬರ್ತಾರಂತ. ಬರ್ರಿ ಅನ್ಲೇನಮ್ಮಾ?"

"ನಾಳೆ ಹೇಳ್ತೀನಪ್ಪಾ..." ಎಂದಳು. ಕಣ್ಣು ತುಂಬಿತ್ತು.

ಬೆಳಗ್ಗೆ ಹಲಗೆಯ ಮೇಲೆ ಬರೆದಳು: 'ಈಗಲೇ ಕೇಳಿರಿ. ಆಕೆಗೂ ಗೊತ್ತಾಗಲಿ.' ಯಾರದೋ ಬಾಳಾದರೂ ನೆಟ್ಟಗಾಗಲಿ!

ತಿರುಗಿದರೆ ಪ್ರಾಣೇಶ ಮೆಟ್ಟಿಲ ಬಳಿ ನಿಂತಿದ್ದ. ಉತ್ತರ ಓದಿದ. ಮುಖವೆಲ್ಲ ಕೆಂಪು.

"ಅಂಬೂಬಾಯಿ... ನನ್ನ ಮದುವಿ ಆಗ್ತೀರೇನ್ರಿ?"

"ರಾಮಲಕ್ಷ್ಮಿ ಒಳಗ ಕುಂತಾಳ್ರಿ. ಆಕಿನ್ನ ಕೇಳ್ರಿ!"

"ಆಕಿನ್ಯಾಕ ಕೇಳ್ಲಿ? ನಿಮಗ ಎಲ್ಲ್ಯಾರ ಸಂಬಂಧ ನಿಶ್ಚಯ ಆಗೈತೇನು ಅಂತ ಆಕಿನ್ನ ವಿಚಾರಿಸಿದ್ದೆ, ಅಷ್ಟ. ಆ ಪ್ರಶ್ನಿ ನಿಮ್ಮ ಬಗ್ಗೇನ ಬರದದ್ದು!"

ಅಯ್ಯೋ... ನಾನೆಂಥ ಹುಚ್ಚಿ! ಅಳಬೇಕೋ ನಗಬೇಕೋ ಅಂಬೂಗೆ ತಿಳಿಯಲಿಲ್ಲ.

"ನಿಮ್ಮ ಬಿ.ಎ. ಮುಗಿಯೂತನಕ ಕಾಯ್ತೀನ್ರಿ."

"ಕಾಯಬ್ಯಾಡ್ರಿ."

ಅವನ ಮುಖ ಬಾಡಿತು. ಅಂಬೂ ತಲೆ ತಗ್ಗಿಸಿ ಮೆಲ್ಲಗೆ ಅಂದಳು, "ಶುಕ್ರವಾರದೊಳಗ ನಮ್ಮಪ್ಪನ್ನ ಬಂದು ಕೇಳ್ರಿ. ಮದುವಿ ಆದ ಮ್ಯಾಲೂ ಓದಬಹುದಲ್ಲ... ಓದಾಕ ಬಿಡ್ತೀರಿಲ್ಲೋ?"

"ಬಿಡೋದೇನ್ರಿ... ಬೆಳಗ್ಗೆ ಎದ್ದು ಚಾ ಮಾಡಿ ನಾನ ಎಬ್ಬಸ್ತೀನಿ!"

"ಚಾ ಮಾಡಾಕ ಬರ್ತೈತೇನ್ರಿ?"

"ಇಲ್ರೀ... ನೀವ ಕಲಿಸ್ರಿ."