ನಾಲ್ಕು ಅಲೆಗೆರೆಗಳ ಜಗಳ

"ನಾಚಿಕಿ ಆಗಂಗಿಲ್ಲೇನ್ರಿ ನಿಮಗ? ನಾನು ಬರದದ್ದಕ್ಕ ನಿಮ್ಮ ಹೆಸರು!"

ಕೂಡ್ಲಿಗಿ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ಕೋಮಲಾಳ ಕಡೆ ತಿರುಗಿದರು. ಚಹಾ ಕುಡಿಯುತ್ತಿದ್ದ ಕ್ರಾಂತಿಕುಮಾರ್‌ನ ಕೈ ಅಲ್ಲೇ ನಿಂತಿತು.

ಮೂರು ತಿಂಗಳು ಫೋನಿನಲ್ಲೇ ಮಾತಾಡಿಕೊಂಡವರು. ಮುಖ ನೋಡಿದ್ದು ಇವತ್ತೇ ಮೊದಲು... ಅದೂ ಹೀಗೆ!

ಕೋಮಲಾ ಹಡಗಲಿಯ ಹೈಸ್ಕೂಲ್ ಟೀಚರ್. ವಿಕಿಪೀಡಿಯದಲ್ಲಿ ಕನ್ನಡ ಬರೆಯುವುದು ಹೇಗೆಂದು ಹೊಸಬರಿಗಾಗಿ ಒಂದು ಪಾಠ ಬರೆದಿದ್ದಳು. ಅದನ್ನು ವಿಕಿಗೆ ಏರಿಸಿದವನು ಕೊಟ್ಟೂರಿನ ಕಂಪ್ಯೂಟರ್ ಮೇಷ್ಟ್ರು ಕ್ರಾಂತಿಕುಮಾರ್. ಇವತ್ತು ಈ ಕಾಲೇಜಿನ ಕಾರ್ಯಾಗಾರದಲ್ಲಿ ಪಾಠ ತೆರೆದರೆ, ಏಳು ಕಡೆ ಅವನದೇ ಹೆಸರು!

"ಮೇಡಂ, ನೀವು ಕಳಿಸಿದ್ದನ್ನ ಇದ್ದಂಗ ಹಾಕೀನ್ರಿ..."

"ಹಂಗಾರ ನಿಮ್ಮ ಹೆಸರಿಗೆ ಕಾಲು ಬಂದು, ತಾನ ನಡಕೊಂಡು ಹೋಗಿ ಕುಂತೈತೇನು?"

ಅವನ ಮುಖ ಕಪ್ಪಿಟ್ಟಿತು. ಲೋಟ ಕೆಳಗಿಟ್ಟು ಹೊರಗೆ ಹೋದ.

ಸಿಟ್ಟು ಬರದೇ ಇರುತ್ತದೆಯೇ? ಹೋದ ವರ್ಷ ಅವಳು ಮಲ್ಲಿಗೆ ತೋಟಗಳಲ್ಲಿ ಅಲೆದು ಕೂಡಿಹಾಕಿದ ಬೆಳೆಗಾರರ ಮಾತುಗಳನ್ನು ದೊಡ್ಡವರೊಬ್ಬರು ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಸಿದ್ದರು. ಈ ಸಲವಾದರೂ ತನ್ನ ದುಡಿಮೆಗೆ ತನ್ನ ಹೆಸರಿರಲಿ ಎಂಬುದೊಂದೇ ಅವಳ ಆಸೆ.

'ಇವನೂ ಅವರಂಥವನೇ? ಇವನ ಮೆಸೇಜ್ ಬಂದರೆ ಊಟ ಬಿಟ್ಟು ಏಳುತ್ತಿದ್ದೆನಲ್ಲ... ಥೂ!'

ಕಣ್ಣೊರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತು, ವಿಕಿಯಲ್ಲಿ ತನ್ನ ಖಾತೆ ತೆರೆದಳು. ಅವನ ಹೆಸರನ್ನೆಲ್ಲ ಅಳಿಸಿ, ತಾನು ಮೊದಲು ಬರೆದಿದ್ದಂತೆ ~~~~ ಎಂದು ನಾಲ್ಕು ಅಲೆಗೆರೆ ಒತ್ತಿ, ಪುಟ ಉಳಿಸಿದಳು.

ಏಳು ಕಡೆಯೂ ಬಂತು: ಕೋಮಲಾ!

ಅಯ್ಯೋ ದೇವರೇ... ಅವಳು ಹೆಸರು ಬರೆದೇ ಇರಲಿಲ್ಲ!

'ನಾಲ್ಕು ಅಲೆಗೆರೆ ಒತ್ತಿದರೆ, ಉಳಿಸಿದವರ ಹೆಸರು ತಾನೇ ಬರುತ್ತದೆ' ಎಂದು ಪಾಠ ಬರೆದವಳು ಇವಳೇ. ಉದಾಹರಣೆಗೆ ಹಾಕಿದ ಗೆರೆಗಳನ್ನೂ ಆ ಯಂತ್ರ ಸಹಿ ಎಂದೇ ತಿಳಿದಿತ್ತು. ಗೆರೆಗಳ ಹಿಂದೆ ಮುಂದೆ 'ನೋವಿಕಿ' ಎಂಬ ಗುರುತು ಹಾಕಿದ್ದರೆ ಅವು ಗೆರೆಗಳಾಗಿಯೇ ಉಳಿಯುತ್ತಿದ್ದವು. ಪಾಠ ಹೇಳುವವಳೇ ಅದನ್ನು ಮರೆತು, ಅವನ ಮಾನ ಹರಾಜು ಹಾಕಿದ್ದಳು!

ಏಳೂ ಕಡೆ ಗುರುತು ಹಾಕಿ ಸರಿಪಡಿಸಿ, ಹೊರಗೆ ಓಡಿದಳು. ಅವನು ಬೈಕ್ ಹತ್ತಿದ್ದ.

"ತಪ್ಪು ನಂದು. ನಾ ಹಾಕಿದ ಗೆರಿನ ಸಹಿ ಅಂತ ತಿಳಕೊಂಡು ಯಂತ್ರನ ನಿಮ್ಮ ಹೆಸರು ಹಾಕೈತಿ. ಎಲ್ಲಾರ ಮುಂದ ಬೈದೀನಿ, ಎಲ್ಲಾರ ಮುಂದನ ಒಪ್ಪಿಕೊಂತೀನಿ. ಒಳಗ ಬರ್ರಿ."

"ಯಂತ್ರಕ್ಕ ತಿಳೀಲಿಲ್ಲ, ಬಿಡ್ರಿ. ನಿಮಗೂ ತಿಳೀಲಿಲ್ಲಲ್ಲ!" ಅವನು ಬೈಕಿನಿಂದ ಇಳಿಯಲಿಲ್ಲ. "ಮೂರು ತಿಂಗಳು ಮಾತಾಡಿದ್ವಿ. ಕಳ್ಳ ಅನ್ನೂ ಮುಂಚೆ ಒಂದು ಮಾತು ಕೇಳಬಾರದಾಗಿತ್ತಾ?"

"ಕೇಳಬೇಕಾಗಿತ್ತು... ನೀವೂ ಮೋಸ ಮಾಡಿದ್ರಿ ಅಂತ ಎದಿ ಒಡದು ಹೋಗಿತ್ತು. ಬ್ಯಾರೆ ಯಾರರ ಆಗಿದ್ರ ಇಷ್ಟು ಉರೀತಿರಲಿಲ್ಲ!"

ಬಾಯಿ ತಪ್ಪಿ ಬಂದ ಮಾತಿಗೆ ಅವಳೇ ತಲೆ ತಗ್ಗಿಸಿದಳು.

ಅವನು ಬೈಕಿನಿಂದ ಇಳಿದ.

"ಕೋಮಲಾ... ನಿಮ್ಮ ಹೆಸರು ಅಳಿಸಿ ನಂದು ಹಾಕೂ ಮನಶ್ಯಾ ಅಲ್ಲ ನಾನು. ಪಕ್ಕದಾಗ ಒಂದೀಟು ಜಾಗ ಸಾಕು. ಕೊಡ್ತೀರಾ?"

"ಕೊಡ್ತೀನಿ. ಆದ್ರ ಮೊದಲು ನನ್ನ ಹೆಸರು, ಆಮ್ಯಾಲೆ ನಿಮ್ಮದು!"

"ಲಗ್ನಪತ್ರಿಕಿಯಾಗೂ?"

ಕೆನ್ನೆ ಕೆಂಪಾದರೂ ಅವಳ ದನಿ ತಗ್ಗಲಿಲ್ಲ.

"ಲಗ್ನಪತ್ರಿಕಿಯಾಗೂ!"