ಬೆಚ್ಚಗಿದ್ದ ಬಾನೆಟ್

"ಬ್ರೇಕ್ ಎಲ್ಲಿ ಹೋಯ್ತು?"

ಕೇಳಿದವನು ನಾನು. ಉತ್ತರ ಹೇಳಲು ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ!

ಪೆಡಲ್ ತುಳಿದೆ. ಕೊಳೆತ ಹಣ್ಣು ತುಳಿದ ಹಾಗೆ ಮೆತ್ತಗೆ ನೆಲ ಮುಟ್ಟಿತು. ರೇಸ್ ಟ್ರ್ಯಾಕಿನ ಕೊನೆಯ ತಿರುವು... ಅದರಾಚೆ ಹಳೇ ಟೈರುಗಳ ಗೋಡೆ... ಮೀಟರಿನಲ್ಲಿ ನೂರಾ ಅರವತ್ತು.

ಗೇರ್ ಇಳಿಸಿದೆ. ಇನ್ನೊಂದು. ಮತ್ತೊಂದು. ಇಂಜಿನ್ ಊರಿಗೆಲ್ಲ ಕೇಳುವ ಹಾಗೆ ಅರಚಿತು. ಸ್ಟಿಯರಿಂಗ್ ತಿರುಗಿಸಿ ಪಕ್ಕದ ಜಲ್ಲಿಗುಂಡಿಗೆ ನುಗ್ಗಿಸಿದೆ.

ನಿಂತಿತು. ಗೋಡೆಗೂ ಕಾರಿಗೂ ನಡುವೆ ಒಂದೇ ಗೇಣು.

ದೇವರು ದೊಡ್ಡವನು. ಬ್ರೇಕ್ ಆಯಿಲ್ ಬದಲಾಯಿಸದ ಮಾಲೀಕ ಮಾತ್ರ ಬಹಳ ಸಣ್ಣವನು!

ನನ್ನ ಕಸುಬು ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರ ಪರವಾಗಿ ಅದರ ಹೊಟ್ಟೆಯೊಳಗಿನ ಗುಟ್ಟು ಹೊರಗೆ ಎಳೆಯುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಗಾಡಿಯೂ ನನ್ನನ್ನು ಮರುಳು ಮಾಡಿಲ್ಲ. ನನ್ನ ಸ್ವಂತ ವಾಹನ? ಸೈಕಲ್.

ಈ ಕೇಸ್ ಕೊಟ್ಟವಳು ನನ್ನ ಅಕ್ಕ. ಬೇಕರಿ ನಡೆಸುತ್ತಾಳೆ. ಅವಳ ಒವನ್ನಿನ ಬಾಗಿಲು ತಂತಿಯ ಆಸರೆಯಲ್ಲಿ ನಿಂತಿದೆ. ಹೊಸದಕ್ಕೆಂದು ಕೂಡಿಟ್ಟ ದುಡ್ಡನ್ನು ಮುಂಗಡ ಕೊಟ್ಟು ಈ ರೇಸ್ ಕಾರು ತರುತ್ತೇನೆಂದು ಭಾವ ಕುಣಿಯುತ್ತಿದ್ದರು.

"ನಿಮ್ಮ ಭಾವನಿಗೆ ನಿನ್ನ ಮಾತು ಅಂದ್ರೆ ವೇದವಾಕ್ಯ. ಗಾಡಿ ಚೆನ್ನಾಗಿದೆ ಅಂತ ನೀನು ಬರ್ಕೊಟ್ರೆ ನನ್ನ ಬೇಕರಿ ಮುಗೀತು," ಅಂದಿದ್ದಳು ಅಕ್ಕ. "ನೋಡೋಕೆ ಹೋಗಿ ನೀನೂ ಜಾರಬೇಡ."

"ನಾನಾ? ಕಲ್ಲು ಕಣಕ್ಕಾ ನಾನು!"

ಬೆಳಿಗ್ಗೆ ಏಳಕ್ಕೇ ಟ್ರ್ಯಾಕಿನ ಶೆಡ್ಡಿಗೆ ಹೋದೆ. ಕಾರಿನ ಮಾಲೀಕ ಬಾಗಿಲಲ್ಲಿದ್ದ. ಕತ್ತಲೆ ಶೆಡ್ಡಿನಲ್ಲೂ ಕಪ್ಪು ಕನ್ನಡಕ ತೆಗೆಯದ ಮಹಾನುಭಾವ. ಅವನನ್ನು ಕನ್ನಡಕ ಅಂತಲೇ ಕರೆಯೋಣ.

ನಾನು ಮೊದಲು ಬಣ್ಣ ನೋಡುವುದಿಲ್ಲ. ಜ್ವರ ನೋಡುವ ಹಾಗೆ ಬಾನೆಟ್ ಮೇಲೆ ಅಂಗೈ ಇಡುತ್ತೇನೆ.

ಬೆಚ್ಚಗಿತ್ತು!

"ನಾನು ಬರೋ ಮುಂಚೆನೇ ಸ್ಟಾರ್ಟ್ ಮಾಡಿದ್ರಾ?"

"ಇಲ್ಲಪ್ಪ. ಬಿಸಿಲು."

"ಶೆಡ್ಡೊಳಗೆ?"

ಕನ್ನಡಕ ಕೆಮ್ಮಿದ.

ತಣ್ಣಗಿದ್ದಾಗ ನರಳುವ ಇಂಜಿನ್ ಬಿಸಿಯಾದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಇಂಥವರು ಮೊದಲೇ ಎಬ್ಬಿಸಿ ಇಟ್ಟಿರುತ್ತಾರೆ. ನಾನು ಸ್ಟೂಲ್ ಎಳೆದು ಕೂತೆ. ನಾಲ್ಕು ಗಂಟೆ. ಕಾರು ತಣ್ಣಗಾಯಿತು... ಕನ್ನಡಕ ಬೆವರಿದ.

ಆಮೇಲೆ ಸ್ಟಾರ್ಟ್ ಮಾಡಿಸಿದೆ. ಮರದ ಕೋಲಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ನನ್ನ ಕಿವಿಗೆ. ಆರು ಸಿಲಿಂಡರ್. ಅಜ್ಜ ರಾಗವಾಗಿ ಓದುತ್ತಿದ್ದ ಷಟ್ಪದಿಯ ಆರು ಸಾಲು! ಮಾತ್ರೆ ತಪ್ಪಿದರೆ ನಿದ್ದೆಯಲ್ಲೂ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಇಲ್ಲಿ ನಾಲ್ಕನೇ ಸಾಲು ಎಡವಿತು. ಟಿಕ್... ಟಿಕ್... ಪಿಸ್ಟನ್ ಸಿಲಿಂಡರಿನ ಗೋಡೆಯನ್ನು ಗೀರಿ ಹಾಕಿದೆ. ಉಳಿದ ಐದು ಸಾಲು ಮಾತ್ರ... ಆಹಾ... ಇರಲಿ ಬಿಡಿ.

ಅಲ್ಲಿಗೇ ಎದ್ದು ಬರಬೇಕಿತ್ತು. ಒಂದು ಸುತ್ತು ಓಡಿಸಿ ನೋಡುತ್ತೇನೆ ಅಂದೆ. ಒಂದು ಹೋಗಿ ಎಂಟಾಯಿತು. ಹಳೇ ಬ್ರೇಕ್ ಆಯಿಲ್ ಕುದಿಯಿತು. ಜಲ್ಲಿಗುಂಡಿ ಸೇರಿದ್ದು ಹಾಗೆ.

ಕನ್ನಡಕನ ದಾಂಡಿಗರಿಬ್ಬರು ಹಗ್ಗ ಕಟ್ಟಿ ಕಾರನ್ನು ಶೆಡ್ಡಿಗೆ ಎಳೆದು ತಂದರು. ನಾನೂ ಒಳಗೆ ಬಂದೆ. ಹಿಂದೆ ಷಟರ್ ಅರ್ಧಕ್ಕೆ ಇಳಿಯಿತು.

ಕನ್ನಡಕ ಪೆನ್ ಚಾಚಿದ.

"ಗಾಡಿ ಚೊಕ್ಕವಾಗಿದೆ ಅಂತ ಬರೆದು ಸೈನ್ ಹಾಕು."

"ನನ್ನ ಲಿಸ್ಟ್ ಓದ್ತೀನಿ, ಕೇಳು. ಬ್ರೇಕ್ ಡಿಸ್ಕ್ ನಾಲ್ಕೂ ಬಿರುಕು. ಒಂದು ಒವನ್. ಕ್ಲಚ್ ಸುಟ್ಟಿದೆ. ಅರ್ಧ ಒವನ್. ಟೈರು ಬೋಳು. ಕಾಲು ಒವನ್. ಇಂಜಿನ್ ಬಿಚ್ಚಿದ್ರೆ ನಾಲ್ಕು. ಐದನೇದು..."

"ಒವನ್ನಾ? ಯಾವ ದೇಶದ ಲೆಕ್ಕನಯ್ಯಾ ಇದು?"

"ನಮ್ಮಕ್ಕನ ಲೆಕ್ಕ. ಐದನೇದು ಕೇಳು..."

"ಸಾಕು ನಿಲ್ಸೋ! ಸೈನ್ ಹಾಕ್ದೆ ಇದ್ರೆ ನಿನ್ನ ಮೂಳೆ ಒಂದೊಂದೇ ಬಿಚ್ತೀನಿ!"

"ಬಿಚ್ಚು. ನನ್ನ ಪಾರ್ಟ್ಸ್ ಇದಕ್ಕಿಂತ ಅಗ್ಗ."

ಕಾಲ ಬಳಿಯಿದ್ದ ಆಯಿಲ್ ಡಬ್ಬಿಯನ್ನು ಒದ್ದೆ. ದಾಂಡಿಗರಿಬ್ಬರೂ ಜಾರಿ ಒಬ್ಬರ ಮೇಲೊಬ್ಬರು ಬಿದ್ದರು. ಅರ್ಧ ಇಳಿದ ಷಟರಿನಡಿ ತೂರಿದೆ. ಸೈಕಲ್ ಹತ್ತಿದೆ. ತುಳಿದೆ!

ಷಟರ್ ಎತ್ತಿದ ಸದ್ದು. ಬೆನ್ನಿಗೇ ಗರ್ಜನೆ.

ಅದೇ ಕಾರಿನಲ್ಲಿ ಕನ್ನಡಕ ನನ್ನ ಬೆನ್ನು ಹತ್ತಿದ್ದ, ಪುಣ್ಯಾತ್ಮ! ಹಿಂದೆ ಐನೂರು ಕುದುರೆಗಳ ಬಲ... ಮುಂದೆ ಮೊಣಕಾಲು ನೋವಿನ ನಾನು. ಐವತ್ತು ಮೀಟರ್... ಇಪ್ಪತ್ತು... ಹತ್ತು...

ಟ್ರ್ಯಾಕಿನ ಗೇಟಿನಲ್ಲೊಂದು ರೋಡ್ ಹಂಪ್. ಮಾಮೂಲಿ ಹಂಪ್. ನನ್ನ ಸೈಕಲ್ ಒಮ್ಮೆ ಕುಪ್ಪಳಿಸಿ ದಾಟಿತು. ಆ ಕಾರಿನ ಮೂತಿ ಇರುವುದೇ ನೆಲದಿಂದ ನಾಲ್ಕು ಬೆರಳು ಮೇಲೆ! ಹಂಪ್ ಬಂದಾಗ ಮೂತಿ ಎತ್ತಲು ಒಂದು ಬಟನ್ ಇದೆ. ಕನ್ನಡಕ ಅದನ್ನು ಒತ್ತಿದ. ಬ್ರೇಕ್ ಒತ್ತಿದ. ಮತ್ತೆ ಬಟನ್ ಒತ್ತಿದ...

ಆ ಬಟನ್ ಸತ್ತಿದೆ ಅನ್ನುವುದೇ ನನ್ನ ಲಿಸ್ಟಿನ ಐದನೇ ಸಾಲು. ಕಾಲು ಒವನ್. ಕೇಳಿಸಿಕೊಳ್ಳುವ ತಾಳ್ಮೆ ಬೇಕಿತ್ತು!

ಚರಕ್!

ಮೂತಿ ಮುರಿದು ನನ್ನ ಹಿಂದಿನ ಚಕ್ರದವರೆಗೂ ಉರುಳಿ ಬಂತು. ಕಾರು ಆಮೆಯ ಹಾಗೆ ಹಂಪ್ ಮೇಲೆ ಹೊಟ್ಟೆಯೂರಿ ಕೂತಿತು. ಕನ್ನಡಕ ಒಳಗೆ ಕ್ಷೇಮ. ಅವನ ಕಪ್ಪು ಕನ್ನಡಕ ಮಾತ್ರ ಎರಡು ತುಂಡು.

ಗೇಟಿನ ಪಕ್ಕದಲ್ಲಿ ಭಾವ ನಿಂತಿದ್ದರು. ಕಾರು ಮನೆಗೆ ಒಯ್ಯಲು ಬಂದವರು. ಕೈಗೆ ಹೊಚ್ಚ ಹೊಸ ಡ್ರೈವಿಂಗ್ ಗ್ಲೌಸ್.

"ಒಟ್ಟು ಎಷ್ಟಾಗುತ್ತೋ, ರಿಪೇರಿಗೆ?"

"ಆರು ಒವನ್, ಭಾವ. ಈಗ ಮೂತಿ ಸೇರಿ ಏಳು."

ಭಾವ ಒಂದು ಗ್ಲೌಸ್ ಬಿಚ್ಚಿದರು. ಮುರಿದ ಮೂತಿ ನೋಡಿ, ಇನ್ನೊಂದನ್ನೂ ಬಿಚ್ಚಿದರು.

ಕೇಸ್ ಮುಗಿಯಿತು.

ಸಂಜೆ ಬೇಕರಿಗೆ ಹೋಗಿ, ಬೆಚ್ಚಗಿನ ಬಾನೆಟ್ಟಿನಿಂದ ಹಂಪಿನವರೆಗೆ ಎಲ್ಲ ಕಥೆ ಒಪ್ಪಿಸಿದೆ. ಅಕ್ಕ ಒವನ್ನಿನ ತಂತಿ ಬಿಗಿಯುತ್ತಿದ್ದಳು.

"ಬದುಕಿಸ್ದೆ ಕಣೋ ನನ್ನ. ನಾಳೆನೇ ಹೊಸ ಒವನ್ನಿಗೆ ಹೇಳ್ತೀನಿ."

ನಾನು ಹಿಟ್ಟಿನ ಚೀಲವನ್ನು ಆ ಕಡೆ ಸರಿಸಿದೆ. ಮತ್ತೆ ಈ ಕಡೆ ಸರಿಸಿದೆ.

"ಏನೋ?"

"ಅಲ್ಲಕ್ಕಾ... ಆ ಮೂತಿ ಮುರಿದ ಗಾಡೀನ ಈಗ ಒಂದೇ ಒಂದು ಒವನ್ ರೇಟಿಗೆ ಬಿಡ್ತಾನಂತೆ. ಐದು ಸಾಲು ಏನು ಚಂದ ಹಾಡುತ್ತೆ ಗೊತ್ತಾ! ನಾಲ್ಕನೇದು ನಾನೇ ಸರಿ ಮಾಡ್ಕೋತೀನಿ. ಒಂದು ವರ್ಷದ ಮಟ್ಟಿಗೆ ಆ ದುಡ್ಡು ನಂಗೆ..."

ಅಕ್ಕ ತಂತಿ ಬಿಟ್ಟಳು. ಹತ್ತಿರ ಬಂದಳು. ಹಿಟ್ಟು ಮೆತ್ತಿದ ಅಂಗೈಯನ್ನು ನನ್ನ ಹಣೆಯ ಮೇಲಿಟ್ಟಳು.

"ಬೆಚ್ಚಗಿದ್ದೀಯ. ಇಲ್ಲಿಗೆ ಬರೋ ಮುಂಚೆನೇ ನಿನ್ನ ಯಾರೋ ಸ್ಟಾರ್ಟ್ ಮಾಡಿದ್ದಾರೆ," ಅಂದಳು. "ಕೊಡಲ್ಲ."